ಮೇ ತಿಂಗಳಲ್ಲಿ ಬಾಟಲಿ ಎಲ್ಲಿತ್ತು? ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಸ್ಟೇಕ್ ಮತ್ತು ವೈನ್ ಊಟದ ಹೋಲಿಕೆ

ನಮ್ಮದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲೂಕಿನ ದ್ರಾಕ್ಷಿ ಬೆಳೆಯುವ ಮನೆ. ಮೂರು ಎಕರೆ. ಒಂದಷ್ಟು ತಿನ್ನುವ ಹಣ್ಣಾಗಿ ಹೋಗುತ್ತದೆ, ಉಳಿದದ್ದು ಮನೂಕ, ಅಂದರೆ ಒಣದ್ರಾಕ್ಷಿ ಆಗುತ್ತದೆ. ಮನೂಕ ಒಣಗಿದ ಮೇಲೆ ನಮಗೆ ಇರುವ ದೊಡ್ಡ ಚಿಂತೆ ಬಿಸಿಲಿನದು. ಹೊರಗಿಟ್ಟರೆ ಹಸಿರು ಬಣ್ಣ ಹೋಗಿ ಕಂದಾಗುತ್ತದೆ, ದರ ಬೀಳುತ್ತದೆ. ಅದಕ್ಕೇ ಕೋಲ್ಡ್ ಸ್ಟೋರೇಜ್‌ಗೆ ಬಾಡಿಗೆ ಕೊಟ್ಟು ಇಡುತ್ತೇವೆ.

ಎರಡು ವರ್ಷದ ಹಿಂದೆ ನಮ್ಮ ಮದುವೆಗೆ ಹತ್ತು ವರ್ಷ ತುಂಬಿತು. ಮೇ ತಿಂಗಳು. ಪೇಟೆಯ ಒಂದು ಒಳ್ಳೆ ಹೋಟೆಲಿಗೆ ಹೋದೆವು. ಸ್ಟೇಕ್, ಅಂದರೆ ಕಾದ ಹಂಚಿನ ಮೇಲೆ ಸುಟ್ಟ ದಪ್ಪ ಮಾಂಸದ ತುಂಡು ಹೇಳಿದೆವು, ಜೊತೆಗೆ ಪಟ್ಟಿಯಲ್ಲಿ ಜಾಸ್ತಿ ಬೆಲೆಯ ಕೆಂಪು ವೈನ್. ಬಾಟಲಿ ಬಂತು. ಮುಟ್ಟಿದರೆ ಬೆಚ್ಚಗಿತ್ತು. ಬಿರಡೆ ಬಾಯಿಂದ ಸ್ವಲ್ಪ ಮೇಲೆ ಎದ್ದಿತ್ತು. ಕುಡಿದರೆ ಕುದಿಸಿ ಆರಿಸಿದ ದ್ರಾಕ್ಷಿ ರಸದ ರುಚಿ. ತಲೆ ಎತ್ತಿ ನೋಡಿದರೆ ಉಳಿದ ಬಾಟಲಿಗಳೆಲ್ಲ ಕೌಂಟರ್ ಮೇಲಿನ ಕಪಾಟಿನಲ್ಲಿ, ಬಿಸಿ ಬಲ್ಬುಗಳ ಕೆಳಗೆ ಸಾಲಾಗಿ ನಿಂತಿದ್ದವು. ನನ್ನ ಹೆಂಡತಿ ಹೇಳಿದ ಮಾತು ಇವತ್ತಿಗೂ ನೆನಪಿದೆ: "ನಾವು ಮನೂಕಾನ ಕೂಡ ತಂಪಲ್ಲಿ ಇಡ್ತೀವಿ. ಇವರು ಇದನ್ನ ಹೊರಗೆ ಇಟ್ಟಾರಲ್ಲ."

ಆಮೇಲೆ ನಾನು ಎಲ್ಲಿ ಹೋದರೂ ಮೊದಲು ಕೇಳುವುದು ಇದನ್ನೇ. ಬೇಸಿಗೆಯಲ್ಲಿ ಈ ಬಾಟಲಿ ಎಲ್ಲಿತ್ತು? ಸೊಲ್ಲಾಪುರದಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ಹಾಗಾಗಿ ಹೆಸರು, ದೀಪ, ಮೇಜಿನ ಬಟ್ಟೆ ಇವುಗಳಿಗಿಂತ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ನೆಂಟರು, ಗೆಳೆಯರು "ಸ್ಟೇಕ್ ತಿನ್ನೋಕೆ ಎಲ್ಲಿಗೆ ಹೋಗೋಣ, ಪುಣೆಗಾ, ಬೆಂಗಳೂರಿಗಾ, ಇಲ್ಲೇನಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ತಟ್ಟೆಗೆ ಬರುವುದು ಯಾವ ಮಾಂಸ

ವೈನ್‌ಗಿಂತ ಮೊದಲು ಇದು ಗೊತ್ತಿರಲಿ. ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆ ಹೋರಿ, ಎತ್ತು ಕಡಿಯುವುದೂ ನಿಷೇಧ. ಎಮ್ಮೆ, ಕೋಣಕ್ಕೆ ಆ ನಿಷೇಧ ಇಲ್ಲ. ಹಾಗಾಗಿ ಸೊಲ್ಲಾಪುರ, ಪುಣೆ, ಮುಂಬೈಯಲ್ಲಿ "ಟೆಂಡರ್‌ಲಾಯಿನ್ ಸ್ಟೇಕ್" ಅಂತ ಬರುವುದು ಸಾಮಾನ್ಯವಾಗಿ ಎಮ್ಮೆಯ ಬೆನ್ನೆಲುಬಿನ ಒಳಬದಿಯ ಮೆತ್ತನೆ ಮಾಂಸ. ಕಸಾಯಿ ಅಂಗಡಿಯಲ್ಲಿ ಅದಕ್ಕೆ ಅಂಡರ್‌ಕಟ್ ಅನ್ನುತ್ತಾರೆ. ಕರ್ನಾಟಕದಲ್ಲಿ 2020ರ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ 13 ವರ್ಷ ದಾಟಿದ ಎಮ್ಮೆಗೆ ಮಾತ್ರ ಅವಕಾಶ. ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ ಇರುತ್ತದೆ. ಅಡುಗೆಯವರ ಕೈಗುಣ ಅಲ್ಲಿ ಇನ್ನೂ ಮುಖ್ಯವಾಗುತ್ತದೆ.

ನಮ್ಮ ಕಡೆ ಬಹಳ ಮನೆಗಳಲ್ಲಿ ಮಾಂಸವೇ ಇಲ್ಲ. ಮಾಂಸ ತಿನ್ನುವ ಮನೆಗಳಲ್ಲೂ ದೊಡ್ಡ ಪ್ರಾಣಿಯ ಮಾಂಸ ಮುಟ್ಟದವರು ಜಾಸ್ತಿ. ಅವರನ್ನು ಕರೆದುಕೊಂಡು ಹೋಗುವಾಗ ಮುಚ್ಚಿಡಬೇಡಿ. ಯಾವುದರ ಮಾಂಸ ಅಂತ ಹೋಟೆಲಿನಲ್ಲಿ ನೇರವಾಗಿ ಕೇಳಿ, ಜೊತೆಗೆ ಬಂದವರಿಗೂ ನೇರವಾಗಿ ಹೇಳಿ. ಕುರಿಯ ಚಾಪ್ಸ್ ಇದ್ದರೆ ಅದು ಸ್ಟೇಕ್‌ಹೌಸಿನಲ್ಲಿ ಎರಡನೇ ದರ್ಜೆಯ ಊಟ ಏನಲ್ಲ. ಕೆಂಪು ವೈನ್ ಜೊತೆ ಕುರಿ ಚಾಪ್ಸ್ ಎಷ್ಟೋ ಸಲ ಅಂಡರ್‌ಕಟ್‌ಗಿಂತ ಚೆನ್ನಾಗಿ ಕೂಡುತ್ತದೆ.

ಎಮ್ಮೆಯ ಅಂಡರ್‌ಕಟ್‌ನಲ್ಲಿ ಕೊಬ್ಬು ಬಹಳ ಕಡಿಮೆ. ಅಮೆರಿಕದ ಸ್ಟೇಕ್ ಚಿತ್ರಗಳಲ್ಲಿ ಕಾಣುವ ಬಿಳಿ ಎಳೆಗಳು ಇದರಲ್ಲಿ ಇರುವುದಿಲ್ಲ. ಕೊಬ್ಬಿಲ್ಲದ ಮಾಂಸವನ್ನು ಪೂರ್ತಿ ಬೇಯಿಸಿದರೆ ರಸ ಹೋಗಿ ನಾರು ಉಳಿಯುತ್ತದೆ. ಒಳಗಿನ ಬಿಸಿ 55 ಡಿಗ್ರಿ ಆಸುಪಾಸು ಇದ್ದರೆ ಮೀಡಿಯಂ ರೇರ್ (ಒಳಗೆ ಕೆಂಪು), 60 ದಾಟಿದರೆ ಮೀಡಿಯಂ (ಒಳಗೆ ನಸುಗುಲಾಬಿ), 70 ದಾಟಿದರೆ ವೆಲ್‌ಡನ್ (ಪೂರ್ತಿ ಬೆಂದದ್ದು). ನಮ್ಮವರು ಹೆದರಿ ವೆಲ್‌ಡನ್ ಹೇಳುತ್ತಾರೆ, ಆಮೇಲೆ "ಚಪ್ಪಲಿ ಹಂಗೈತಿ" ಅನ್ನುತ್ತಾರೆ. ಮೊದಲ ಸಲ ಹೋಗುವವರು ಮೀಡಿಯಂ ಹೇಳಿ. ಕೆಂಪು ನೀರು ಕಂಡರೆ ಅದು ರಕ್ತ ಅಲ್ಲ, ಮಾಂಸದೊಳಗಿನ ಮಯೋಗ್ಲೋಬಿನ್ ಅನ್ನುವ ಕೆಂಪು ಪ್ರೋಟೀನ್ ಬೆರೆತ ನೀರು.

ಇನ್ನೊಂದು ವಿಷಯ. ಮೆನುವಿನಲ್ಲಿ "ಡ್ರೈ ಏಜ್ಡ್ ಅಂಡರ್‌ಕಟ್" ಅಂತ ಇದ್ದರೆ ಒಂದೆರಡು ಪ್ರಶ್ನೆ ಕೇಳಿ. ಡ್ರೈ ಏಜಿಂಗ್ ಅಂದರೆ ಎಲುಬು, ಕೊಬ್ಬಿನ ಹೊದಿಕೆ ಇರುವ ದೊಡ್ಡ ತುಂಡನ್ನು ನೀರು ಹೆಪ್ಪುಗಟ್ಟುವುದಕ್ಕಿಂತ ಸ್ವಲ್ಪ ಮೇಲಿನ ಚಳಿಯಲ್ಲಿ ಮೂರು, ನಾಲ್ಕು ವಾರ ಗಾಳಿಗೆ ಇಡುವುದು. ಹೊರಗೆ ಒಣಗಿದ ಭಾಗವನ್ನು ಕತ್ತರಿಸಿ ಎಸೆಯಬೇಕು. ತೆಳ್ಳಗಿನ ಅಂಡರ್‌ಕಟ್‌ನಲ್ಲಿ ಹಾಗೆ ಮಾಡಿದರೆ ತಿನ್ನಲು ಏನೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಇಟ್ಟ ಮಾಂಸವೂ ಮೆತ್ತಗಾಗುತ್ತದೆ, ಅದು ಒಳ್ಳೆಯದೇ. ಆದರೆ ಎರಡರ ಹೆಸರೂ ಬೇರೆ, ಬೆಲೆಯೂ ಬೇರೆ.

ಒಳ್ಳೆ ವೈನ್ ಕೋಣೆ ಅಂದರೆ ಏನು

ಜಗತ್ತಿನಲ್ಲಿ ವೈನ್ ಸಂಗ್ರಹಕ್ಕೆ ಹೆಸರಾದ ಸ್ಟೇಕ್‌ಹೌಸ್ ಅಂದರೆ ಅಮೆರಿಕದ ಫ್ಲೋರಿಡಾದ ಟ್ಯಾಂಪಾ ನಗರದ ಬರ್ನ್ಸ್ ಸ್ಟೇಕ್ ಹೌಸ್. ಬರ್ನ್ ಲ್ಯಾಕ್ಸರ್ ಮತ್ತು ಅವರ ಹೆಂಡತಿ ಗರ್ಟ್ 1956ರಲ್ಲಿ ಶುರು ಮಾಡಿದ್ದು. ಈಗ ಅವರ ಸಂಗ್ರಹದಲ್ಲಿ ಐದು ಲಕ್ಷಕ್ಕೂ ಹೆಚ್ಚು ಬಾಟಲಿಗಳಿವೆ. ಸ್ಟೇಕನ್ನು ಗಿರಾಕಿ ಹೇಳಿದ ದಪ್ಪಕ್ಕೆ, ತೂಕಕ್ಕೆ ಕತ್ತರಿಸಿ ಕೊಡುತ್ತಾರೆ. ಊಟ ಮುಗಿದ ಮೇಲೆ ಬಂದವರಿಗೆ ಅಡುಗೆಮನೆ, ವೈನ್ ಕೋಣೆ ತೋರಿಸುವ ಪದ್ಧತಿ ಇದೆ. ಸಿಹಿ ತಿನ್ನಲು ಮೇಲಿನ ಮಹಡಿಯಲ್ಲಿ ಬೇರೆ ಕೋಣೆಗಳೇ ಇವೆ.

ಅಷ್ಟು ದೂರದ ಜಾಗದ ಸುದ್ದಿ ನಮಗ್ಯಾಕೆ ಅಂತೀರಾ? ಟ್ಯಾಂಪಾ ಕೂಡ ಸೆಕೆಯ ಊರು. ಬೇಸಿಗೆಯಲ್ಲಿ ಬೆವರು ಸುರಿಯುವ ಜಾಗ. ಅಂಥಾ ಊರಲ್ಲಿ ಹತ್ತಾರು ವರ್ಷ ಹಳೆಯ ಬಾಟಲಿ ಹಾಳಾಗದೆ ಉಳಿದಿದೆ ಅಂದರೆ ಅದು ತಂಪಿನ ಕೆಲಸ. ಬಿಸಿಲಿನ ಊರಲ್ಲಿ ಒಳ್ಳೆ ವೈನ್ ಇಡಲು ಆಗುವುದಿಲ್ಲ ಅನ್ನುವ ನೆಪ ಹಾಗಾಗಿ ನಡೆಯುವುದಿಲ್ಲ.

ಲೆಕ್ಕ ಸರಳ. ವೈನ್ ಇಡಲು 12ರಿಂದ 14 ಡಿಗ್ರಿ ಒಳ್ಳೆಯದು. ಒಂದೆರಡು ಡಿಗ್ರಿ ಹೆಚ್ಚು ಕಡಿಮೆ ಆದರೆ ನಡೆಯುತ್ತದೆ. ಆದರೆ ಹಗಲು ಏರಿ ರಾತ್ರಿ ಇಳಿಯುತ್ತಲೇ ಇದ್ದರೆ ಹಾಳು. ಬಿಸಿಗೆ ಒಳಗಿನ ರಸ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ತಣ್ಣಗಾದಾಗ ಗಾಳಿ ಒಳಗೆ ಬರುತ್ತದೆ. ಬಿರಡೆ ಬಾಟಲಿ ಮಲಗಿರಬೇಕು, ಇಲ್ಲವಾದರೆ ಬಿರಡೆ ಒಣಗಿ ಬಿರುಕು ಬಿಡುತ್ತದೆ. ತಿರುಗಿಸುವ ಮುಚ್ಚಳದ ಬಾಟಲಿ ನಿಂತಿದ್ದರೂ ಪರವಾಗಿಲ್ಲ. ನೇರ ಬೆಳಕು ಬೀಳಬಾರದು. ಅಷ್ಟೇ.

ದೊಡ್ಡ ಪಟ್ಟಿ ಕಂಡು ಮರುಳಾಗಬೇಡಿ. ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ರೆಸ್ಟೋರೆಂಟ್‌ಗಳ ವೈನ್ ಪಟ್ಟಿಗೆ ಮೂರು ಹಂತದ ಪ್ರಶಸ್ತಿ ಕೊಡುತ್ತದೆ. ಮೊದಲ ಹಂತಕ್ಕೆ ಕನಿಷ್ಠ 90 ಬಗೆ ಇರಬೇಕು, ಎರಡನೆಯದಕ್ಕೆ 350, ಮೂರನೆಯದಕ್ಕೆ 1,000. ಬರ್ನ್ಸ್‌ಗೆ ಆ ಮೂರನೇ ಹಂತದ ಗ್ರ್ಯಾಂಡ್ ಅವಾರ್ಡ್ 1981ರಿಂದ ಇದೆ. ನಮ್ಮ ದೇಶದಲ್ಲಿ ಅಂಥಾ ಪಟ್ಟಿ ಕಟ್ಟುವುದು ಕಷ್ಟ. ವಿದೇಶಿ ವೈನ್ ಮೇಲೆ ಆಮದು ಸುಂಕ ಬಹಳ ಜಾಸ್ತಿ. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದ ಮೇಲೆ ಆ ದೇಶದ ಒಂದು ಬೆಲೆ ಮೀರಿದ ಬಾಟಲಿಗಳ ಸುಂಕ ಹಂತ ಹಂತವಾಗಿ ಇಳಿಯುತ್ತಿದೆ. ರಾಜ್ಯದ ಅಬಕಾರಿ ತೆರಿಗೆ ಬೇರೆ. ಹಾಗಾಗಿ 30 ಬಗೆಯ ಪಟ್ಟಿ ಇಟ್ಟು, ಅಷ್ಟನ್ನೂ ತಂಪಾಗಿ ನೋಡಿಕೊಳ್ಳುವ ಜಾಗ, 200 ಬಗೆ ಬರೆದು ಹೊರಗಿಡುವ ಜಾಗಕ್ಕಿಂತ ಎಷ್ಟೋ ಮೇಲು.

ಊರಲ್ಲೇ ಅಂದರೆ

ಸೊಲ್ಲಾಪುರದ ಪರ್ಮಿಟ್ ರೂಮ್‌ಗಳು (ಪರವಾನಗಿ ಇರುವ ಬಾರ್‌ಗಳು), ದೊಡ್ಡ ಹೋಟೆಲುಗಳು ಮಟನ್‌ಗೆ ಒಳ್ಳೆಯವು. ಕಾಳು ಮೆಣಸಿನ ಸುಕ್ಕ, ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನಲು ನಾನು ಬೇರೆ ಊರಿಗೆ ಯಾಕೆ ಹೋಗಲಿ? ಆದರೆ ಸ್ಟೇಕ್, ವೈನ್ ಅಂತ ಹೋದರೆ ಸಾಮಾನ್ಯವಾಗಿ ನಿರಾಸೆ. ಅವರದು ತಪ್ಪು ಅಂತ ಅಲ್ಲ. ಬಿಯರ್, ವಿಸ್ಕಿ ದಿನವೂ ಖರ್ಚಾಗುತ್ತದೆ, ವೈನ್ ತಿಂಗಳುಗಟ್ಟಲೆ ಕೂತಿರುತ್ತದೆ. ವಿಸ್ಕಿಗೆ ಬಿಸಿಲು ಅಷ್ಟೊಂದು ತೊಂದರೆ ಮಾಡುವುದಿಲ್ಲ, ವೈನ್‌ಗೆ ಮಾಡುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದರಿಂದ ಈ ಪಾಡು.

ಊರಲ್ಲೇ ಕುಡಿಯಬೇಕು ಅಂದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಇತ್ತೀಚಿನ ವರ್ಷದ ಕೊಯ್ಲಿನ ಬಾಟಲಿ ಕೇಳಿ. ಬಿಳಿ ವೈನ್ ಅಥವಾ ರೋಸೆ (ಗುಲಾಬಿ ಬಣ್ಣದ ವೈನ್) ತೆಗೆದುಕೊಳ್ಳಿ, ಯಾಕೆಂದರೆ ಅದನ್ನು ಹೇಗೂ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ಖಾರದ ಮಟನ್‌ಗೆ ಅದೇ ಸರಿಯಾದ ಜೊತೆ ಕೂಡ. ಗಡುಸು ಕೆಂಪು ವೈನ್‌ನ ಒಗರು ಮೆಣಸಿನಕಾಯಿ ಖಾರವನ್ನು ಇನ್ನೂ ಉರಿಸುತ್ತದೆ. ಸ್ವಲ್ಪ ಸಿಹಿ ಉಳಿದ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಅದನ್ನು ಆರಿಸುತ್ತದೆ. ನಾಸಿಕ್‌ನ ಸುಲಾ 1999ರಲ್ಲಿ ಶುರುವಾದಾಗಿನಿಂದ ಈ ಬಗೆ ನಮ್ಮ ರಾಜ್ಯದಲ್ಲಿ ಸುಲಭವಾಗಿ ಸಿಗುತ್ತದೆ.

ಪುಣೆ ಮತ್ತು ಮುಂಬೈ

ಒಂದೇ ಜಾಗ ಹೇಳು ಅಂದರೆ ನಾನು ಪುಣೆ ಅನ್ನುತ್ತೇನೆ. ಕಾರಣ ಊಟಕ್ಕಿಂತ ರೈಲು. 2023ರ ಫೆಬ್ರವರಿಯಿಂದ ಸೊಲ್ಲಾಪುರ, ಮುಂಬೈ ನಡುವೆ ವಂದೇ ಭಾರತ್ ಓಡುತ್ತದೆ. ಬೆಳಗ್ಗೆ ಬೇಗನೆ ಹೊರಟು ಬೆಳಗ್ಗೆಯೇ ಪುಣೆ ಸೇರಬಹುದು. ಸಂಜೆ ಅದೇ ರೈಲು ಮುಂಬೈಯಿಂದ ಪುಣೆ ಮೇಲೆ ವಾಪಸ್ ಬಂದು ರಾತ್ರಿ ಮನೆ ಮುಟ್ಟಿಸುತ್ತದೆ. ವಾರಕ್ಕೆ ಒಂದು ದಿನ ರಜೆ ಇರುತ್ತದೆ, ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಅಂದರೆ ಮಧ್ಯಾಹ್ನ ನಿಧಾನವಾಗಿ ಕೂತು ಎರಡು ಲೋಟ ವೈನ್ ಕುಡಿದರೂ ಯಾರೂ ಗಾಡಿ ಓಡಿಸಬೇಕಿಲ್ಲ. 250 ಕಿಲೋಮೀಟರ್ ಹೆದ್ದಾರಿಯಲ್ಲಿ ಕುಡಿದು ಬರುವ ಮಾತೇ ಬೇಡ. ಮುಂಬೈಗೆ ಇದೇ ರೈಲಲ್ಲಿ ಹೋದರೆ ಊಟ ಅವಸರದ್ದಾಗುತ್ತದೆ. ಮಧ್ಯಾಹ್ನ ಇಳಿದು ಸಂಜೆ ನಾಲ್ಕಕ್ಕೆ ಮತ್ತೆ ಹತ್ತಬೇಕು. ಮುಂಬೈ ಅಂದರೆ ಒಂದು ರಾತ್ರಿ ಉಳಿಯಬೇಕು, ಇಲ್ಲವೇ ರಾತ್ರಿ ರೈಲು ಹಿಡಿಯಬೇಕು. ಸಿದ್ಧೇಶ್ವರ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬರುವುದು ನನಗೆ ಇಷ್ಟ.

ಪುಣೆಯಲ್ಲಿ ಎರಡು ಬಗೆಯ ಜಾಗಗಳಿವೆ. ಒಂದು ಸಿಜ್ಲರ್ ಮನೆಗಳು. ಕ್ಯಾಂಪ್‌ನ ದಿ ಪ್ಲೇಸ್ ಟೂಷೆ ದ ಸಿಜ್ಲರ್ ಅವುಗಳಲ್ಲಿ ಹಳೆಯ ಹೆಸರು. ನಮ್ಮ ಕಡೆಯವರಲ್ಲಿ ಬಹಳ ಜನ ಸ್ಟೇಕ್ ಮೊದಲು ತಿಂದಿದ್ದು ಸಿಜ್ಲರ್ ರೂಪದಲ್ಲೇ. ಕಾದ ಕಬ್ಬಿಣದ ತಟ್ಟೆ, ಎಲೆಕೋಸು, ಹೊಗೆ, ಸದ್ದು. ಮಕ್ಕಳನ್ನು ಕರೆದುಕೊಂಡು ಹೋದರೆ ಇದೇ ಸರಿ. ಆದರೆ ಸಿಜ್ಲರ್ ಬೇರೆ, ಸ್ಟೇಕ್ ಬೇರೆ. ಕಾದ ತಟ್ಟೆಯ ಮೇಲೆ ಮಾಂಸ ಮೇಜಿಗೆ ಬಂದ ಮೇಲೂ ಬೇಯುತ್ತಲೇ ಇರುತ್ತದೆ. ಮೀಡಿಯಂ ಹೇಳಿದ್ದು ಹತ್ತು ನಿಮಿಷದಲ್ಲಿ ವೆಲ್‌ಡನ್ ಆಗುತ್ತದೆ. ಸಾಸ್‌ನ ಸಿಹಿ, ಹುಳಿ ಎದುರು ಒಳ್ಳೆ ವೈನ್ ಸೋಲುತ್ತದೆ. ಅಲ್ಲಿ ತಣ್ಣನೆ ಬಿಯರ್ ಸಾಕು, ವೈನ್‌ಗೆ ಹಣ ಹಾಕಬೇಡಿ.

ಎರಡನೆಯದು ಪಂಚತಾರಾ ಹೋಟೆಲುಗಳ ಗ್ರಿಲ್ ಮತ್ತು ಇಟಾಲಿಯನ್ ರೆಸ್ಟೋರೆಂಟ್‌ಗಳು. ಬೆಲೆ ಜಾಸ್ತಿ, ಸುಳ್ಳಲ್ಲ. ಆದರೆ ತಂಪಿನ ಕೋಣೆ ಇರುವುದು ಇಂಥಲ್ಲಿ. ಮುಂಬೈಯ ಒಬೆರಾಯ್ ಹೋಟೆಲಿನ ವೆಟ್ರೋದಲ್ಲಿ ವೈನ್‌ಗಾಗಿಯೇ ಎನೊಟೆಕಾ ಅನ್ನುವ ಬೇರೆ ಜಾಗವಿದೆ. ಇಂಥಲ್ಲಿ ಗಾಜಿನ ಗೋಡೆಯ ಹಿಂದೆ ಮಲಗಿದ ಬಾಟಲಿಗಳನ್ನು ನೀವೇ ನೋಡಬಹುದು. ಕೋಣೆಯ ಡಿಗ್ರಿ ಎಷ್ಟು ಅಂತ ಕೇಳಿದರೆ ತಟ್ಟನೆ ಹೇಳುತ್ತಾರೆ. ಹೇಳಲು ತಡವರಿಸಿದರೆ ಅದೂ ಒಂದು ಉತ್ತರ ಅಲ್ವಾ?

ಬೆಲೆಯ ಬಗ್ಗೆ ನಾನು ಕಲಿತದ್ದು ಇಷ್ಟು. ಅಂಗಡಿ ಬೆಲೆಯ ಎರಡೂವರೆಯಿಂದ ಮೂರು ಪಟ್ಟು ಹೋಟೆಲಿನಲ್ಲಿ ಸಾಮಾನ್ಯ. ತೀರಾ ಅಗ್ಗದ ಬಾಟಲಿಯ ಮೇಲೆ ಪಟ್ಟು ಇನ್ನೂ ಜಾಸ್ತಿ ಇರುತ್ತದೆ, ದುಬಾರಿಯದರ ಮೇಲೆ ಕಡಿಮೆ. ಹಾಗಾಗಿ ಪಟ್ಟಿಯ ಮಧ್ಯದಲ್ಲಿ ಆರಿಸಿದರೆ ಹಣಕ್ಕೆ ಬೆಲೆ ಬರುತ್ತದೆ. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಲೋಟ ಆಗುತ್ತದೆ. ಲೋಟದ ಬೆಲೆಯನ್ನು ಐದರಿಂದ ಗುಣಿಸಿ ಬಾಟಲಿ ಬೆಲೆ ಜೊತೆ ಇಟ್ಟು ನೋಡಿ. ಮೂವರು ಕುಡಿಯುವವರಿದ್ದರೆ ಬಾಟಲಿ, ಇಬ್ಬರಾದರೆ ಲೋಟ. ಲೋಟಕ್ಕೆ ಹೇಳುವಾಗ "ಈ ಬಾಟಲಿ ಯಾವಾಗ ತೆರೆದದ್ದು?" ಅಂತ ಕೇಳಿ. ನಿನ್ನೆ ಅಂದರೆ ಸರಿ. ಮೂರು ದಿನ ಆಯ್ತು ಅಂದರೆ ಬೇಡ. ಕೆಲವು ಕಡೆ ಕೊರಾವಿನ್ ಅನ್ನುವ ಉಪಕರಣ ಇರುತ್ತದೆ. ಬಿರಡೆ ತೆಗೆಯದೆ ಸೂಜಿ ಚುಚ್ಚಿ ವೈನ್ ತೆಗೆದು, ಆ ಜಾಗಕ್ಕೆ ಆರ್ಗಾನ್ ಅನಿಲ ತುಂಬುತ್ತದೆ. ಹಾಗಿದ್ದರೆ ದುಬಾರಿ ವೈನ್ ಕೂಡ ಒಂದೇ ಲೋಟ ಕುಡಿದು ನೋಡಬಹುದು. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ನಿಮ್ಮ ಬಾಟಲಿ ನೀವೇ ಒಯ್ದರೆ ಕಾರ್ಕೇಜ್ ಅಂತ ಶುಲ್ಕ ಹಾಕುತ್ತಾರೆ. ಬಹಳ ಕಡೆ ಒಪ್ಪುವುದೇ ಇಲ್ಲ. ಫೋನ್ ಮಾಡಿ ಕೇಳದೆ ಒಯ್ಯಬೇಡಿ.

ಬೆಂಗಳೂರು

ಬೆಂಗಳೂರಿನ ಮ್ಯೂಸಿಯಂ ರಸ್ತೆಯ ದಿ ಓನ್ಲಿ ಪ್ಲೇಸ್ 1960ರ ದಶಕದಿಂದ ಸ್ಟೇಕ್‌ಗೆ ಹೆಸರಾದ ಜಾಗ. ನಮ್ಮ ಕಡೆಯಿಂದ ಐಟಿ ಕೆಲಸಕ್ಕೆ ಹೋದ ಹುಡುಗರು ಮೊದಲ ಸಂಬಳದಲ್ಲಿ ಅಲ್ಲಿಗೆ ಹೋಗಿ ಫೋಟೋ ಕಳಿಸುತ್ತಾರೆ. ಬೆಂಗಳೂರಿನ ಇನ್ನೊಂದು ಲಾಭ ಹವಾಮಾನ. ಬಾಟಲಿಗೆ ಅಲ್ಲಿ ಸೊಲ್ಲಾಪುರದಷ್ಟು ಪೆಟ್ಟಿಲ್ಲ. ನಂದಿ ಬೆಟ್ಟದ ಬುಡದ ಗ್ರೋವರ್ ಲಾ ರಿಸರ್ವ್, ಹಂಪಿ ಗುಡ್ಡಗಳ ಕ್ರಸ್ಮಾ ವೈನ್‌ಗಳು ಅಲ್ಲಿನ ಪಟ್ಟಿಗಳಲ್ಲಿ ಸಿಗುತ್ತವೆ. ಆದರೆ ಸೊಲ್ಲಾಪುರದಿಂದ ಒಂದು ರಾತ್ರಿಯ ಪ್ರಯಾಣ. ಬರೀ ಒಂದು ಊಟಕ್ಕೆ ಅಷ್ಟು ದೂರ ಹೋಗಿ ಅಂತ ನಾನು ಹೇಳುವುದಿಲ್ಲ. ಬೇರೆ ಕೆಲಸಕ್ಕೆ ಹೋದಾಗ ಬಿಡಬೇಡಿ. ಹೈದರಾಬಾದ್ ಹತ್ತಿರ ಇದ್ದರೂ ಅಲ್ಲಿಗೆ ಹೋದವನಿಗೆ ಸ್ಟೇಕ್ ತಿನ್ನಲು ಮನಸ್ಸೇ ಬರುವುದಿಲ್ಲ, ಬಿರಿಯಾನಿ ಕರೆಯುತ್ತದೆ.

ಅಕ್ಲೂಜ್: ನಮ್ಮ ಜಿಲ್ಲೆಯಲ್ಲೇ ಇರುವ ವೈನ್ ಕೋಣೆ

ಈ ಭಾಗ ಬರೆಯಲೆಂದೇ ನಾನು ಕೂತಿದ್ದು. ಫ್ರಾಟೆಲ್ಲಿ ವೈನ್ ಎಷ್ಟೋ ಜನ ಕುಡಿದಿದ್ದಾರೆ. ಅದು ನಮ್ಮ ಸೊಲ್ಲಾಪುರ ಜಿಲ್ಲೆಯದೇ ಅಂತ ಹೇಳಿದರೆ ನಂಬುವುದಿಲ್ಲ. ಮಾಳಶಿರಸ ತಾಲೂಕಿನ ಅಕ್ಲೂಜ್ ಹತ್ತಿರ, ಮೋಟೆವಾಡಿಯಲ್ಲಿ ಇದೆ. ಪಂಢರಪುರ ದಾಟಿ ಹೋಗಬೇಕು, ಸೊಲ್ಲಾಪುರದಿಂದ ಸುಮಾರು 110 ಕಿಲೋಮೀಟರ್. ಇಟಲಿಯ ಸೆಕ್ಕಿ ಅಣ್ಣತಮ್ಮಂದಿರು, ದೆಹಲಿಯ ಸೇಖ್ರಿ ಅಣ್ಣತಮ್ಮಂದಿರು, ಅಕ್ಲೂಜ್‌ನ ಮೋಹಿತೆ ಪಾಟೀಲ್ ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಇಟಾಲಿಯನ್‌ನಲ್ಲಿ ಫ್ರಾಟೆಲ್ಲಿ ಅಂದರೆ ಅಣ್ಣತಮ್ಮಂದಿರು. ವೈನ್ ಮಾಡುವ ಜವಾಬ್ದಾರಿ ಹೊತ್ತವರು ಟಸ್ಕನಿಯ ಪಿಯೆರೋ ಮಾಸಿ. ಅವರ ದೊಡ್ಡ ಕೆಂಪು ವೈನ್ ಸೆತ್ತೆ. ಸಾಂಜೊವೆಸೆ ಮತ್ತು ಕಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿ ಹದ ಮಾಡಿದ್ದು.

ಇಲ್ಲಿ ಸ್ಟೇಕ್‌ಹೌಸಿನ ಮೆನು ನಿರೀಕ್ಷಿಸಬೇಡಿ. ಊಟ, ತಂಗುವುದು ಎಲ್ಲ ಮೊದಲೇ ಕೇಳಿ ಗೊತ್ತು ಮಾಡಿಕೊಂಡು ಹೋಗಬೇಕು. ಆದರೆ ನನ್ನ ಒಂದೇ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇರೆಲ್ಲೂ ಸಿಗುವುದಿಲ್ಲ. ಬಾಟಲಿ ಮೇ ತಿಂಗಳಲ್ಲಿ ಎಲ್ಲಿತ್ತು? ಹುಟ್ಟಿದ ಕೋಣೆಯಲ್ಲೇ ಇತ್ತು. ಲಾರಿ ಹತ್ತಿಲ್ಲ, ಗೋದಾಮಿನಲ್ಲಿ ಬೆಂದಿಲ್ಲ.

ನಾನು ಅಲ್ಲಿ ಸೆತ್ತೆ ಕುಡಿದ ದಿನ ಅರ್ಥವಾಯಿತು, ಹೋಟೆಲಿನಲ್ಲಿ ನಾವು ಕುಡಿದದ್ದು ಕೆಟ್ಟಿದ್ದು ವೈನ್‌ನ ತಪ್ಪಲ್ಲ ಅಂತ. ಒಗರು ಇತ್ತು, ಆದರೆ ನಾಲಿಗೆ ಹಿಡಿಯಲಿಲ್ಲ. ಮಳೆ ಬಿದ್ದ ಮೇಲಿನ ತೋಟದ ವಾಸನೆ ಇತ್ತು. ನಾವು ದ್ರಾಕ್ಷಿ ಬೆಳೆಯುವ ಜನ. ಏಪ್ರಿಲ್‌ನಲ್ಲಿ ಒಂದು ಚಾಟಣಿ (ಬಳ್ಳಿ ಸವರುವುದು), ಅಕ್ಟೋಬರ್‌ನಲ್ಲಿ ಇನ್ನೊಂದು. ಡೌನಿ ರೋಗ, ಅಕಾಲದ ಮಳೆ, ಬಿದ್ದ ದರ ಎಲ್ಲ ಗೊತ್ತು. ನಮ್ಮ ಸೋನಾಕಾ, ಥಾಮ್ಸನ್ ದ್ರಾಕ್ಷಿಗೆ ಗೊನೆ ದೊಡ್ಡದಾಗಬೇಕು, ಕಾಯಿ ಉದ್ದವಾಗಬೇಕು. ವೈನ್ ದ್ರಾಕ್ಷಿಯಲ್ಲಿ ಕಾಯಿ ಸಣ್ಣದಿರಬೇಕು, ಸಿಪ್ಪೆ ದಪ್ಪವಿರಬೇಕು, ಫಸಲು ಬೇಕಂತಲೇ ಕಡಿಮೆ ಬಿಡಬೇಕು. ಜೊತೆಗೆ ಬಂದಿದ್ದ ನಮ್ಮಪ್ಪ ಅಲ್ಲಿನ ಬಳ್ಳಿ ಸಾಲಿನ ನಡುವೆ ನಿಂತು ಒಂದು ಗೊನೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು.

ಹೋಗುವುದಾದರೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದೊಳಗೆ ಹೋಗಿ. ಆಗ ಕೊಯ್ಲಿನ ಕಾಲ. ಆಷಾಢ ಏಕಾದಶಿಯ ವಾರ ಬೇಡವೇ ಬೇಡ. ತುಕಾರಾಮ ಮಹಾರಾಜರ ಪಾಲಕಿ ಅಕ್ಲೂಜ್ ಮೇಲೆಯೇ ಪಂಢರಪುರಕ್ಕೆ ಬರುತ್ತದೆ. ಆ ದಾರಿಯಲ್ಲಿ ಆಗ ನಡೆದು ಬರುವ ವಾರಕರಿ ಭಕ್ತರಿಗೆ ಜಾಗ ಬಿಡಬೇಕು. ಅಲ್ಲಿಗೆ ರೈಲಿನ ಅನುಕೂಲ ಇಲ್ಲ. ಕುಡಿಯದವರೊಬ್ಬರು ಗಾಡಿ ಓಡಿಸಲಿ, ಅಥವಾ ರಾತ್ರಿ ಉಳಿಯಿರಿ.

ಮನೆಯಲ್ಲೇ ಮಾಡಿದರೆ

ಖರ್ಚಿನಲ್ಲಿ ಇದಕ್ಕೆ ಸಾಟಿ ಇಲ್ಲ. ಹೋಟೆಲಿನ ಒಂದು ಊಟದ ಹಣದಲ್ಲಿ ಮನೆಯ ನಾಲ್ವರಿಗೆ ಆಗುತ್ತದೆ, ವೈನ್ ಸೇರಿ. ಅಂಡರ್‌ಕಟ್ ಆಗಲಿ, ಕುರಿ ಚಾಪ್ಸ್ ಆಗಲಿ, ಎರಡು ಬೆರಳು ದಪ್ಪ ಕಡಿಸಿಕೊಳ್ಳಿ. ಒರೆಸಿ ಒಣಗಿಸಿ, ಉಪ್ಪು ಹಚ್ಚಿ ಒಂದು ಗಂಟೆ ಬಿಡಿ. ನಮ್ಮ ಬೀಡು ಕಬ್ಬಿಣದ ಹಂಚಿಗಿಂತ ಒಳ್ಳೆ ಸಾಧನ ಯಾವ ಸ್ಟೇಕ್‌ಹೌಸಿನಲ್ಲೂ ಇಲ್ಲ. ಹೊಗೆ ಬರುವಷ್ಟು ಕಾಯಿಸಿ, ಎರಡೂ ಕಡೆ ಕೆಂಪಗೆ ಮಾಡಿ. ಕೊನೆಗೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಇಳಿಸಿ ಐದು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಕತ್ತರಿಸಿ. ಹಂಚಿನಿಂದ ನೇರ ಕತ್ತರಿಸಿದರೆ ರಸವೆಲ್ಲ ಹಲಗೆ ಮೇಲೆ ಹೋಗುತ್ತದೆ.

ಅಂಡರ್‌ಕಟ್‌ಗೆ ಸಾಂಜೊವೆಸೆಯಂಥ ಹಗುರ ಕೆಂಪು ಸಾಕು, ಯಾಕೆಂದರೆ ವೈನ್‌ನ ಒಗರು ತಗ್ಗಿಸಲು ಅದರಲ್ಲಿ ಕೊಬ್ಬಿಲ್ಲ. ಕೊಬ್ಬಿರುವ ಚಾಪ್ಸ್‌ಗೆ ಕಾಬರ್ನೆ. ಕಾಳು ಮೆಣಸು ಜಾಸ್ತಿ ಹಾಕಿದ್ದರೆ ಶಿರಾಜ್ ದ್ರಾಕ್ಷಿಯ ಕೆಂಪು. ಮಾಂಸ ತಿನ್ನದವರಿಗೆ ಅದೇ ಹಂಚಿನ ಮೇಲೆ ಬೆಣ್ಣೆಯಲ್ಲಿ ಹುರಿದ ದಪ್ಪ ಅಣಬೆ ಮಾಡಿ. ಅವರೂ ಸಾಂಜೊವೆಸೆ ಕುಡಿಯಬಹುದು.

ಬಾಟಲಿಯನ್ನು ಅಡುಗೆಮನೆ ಮಾಳಿಗೆಯಲ್ಲಿ ಇಡಬೇಡಿ. ಒಂದೆರಡು ತಿಂಗಳಿಗೆ ಸಾದಾ ಫ್ರಿಜ್ ಸಾಕು. ಕುಡಿಯುವ ಅರ್ಧ ಗಂಟೆ ಮೊದಲು ಕೆಂಪನ್ನು ಹೊರಗೆ ತೆಗೆದಿಡಿ. ಕೆಂಪು ವೈನ್ 16ರಿಂದ 18 ಡಿಗ್ರಿಯಲ್ಲಿ ಚೆನ್ನ. "ರೂಮ್ ಟೆಂಪರೇಚರ್" ಅನ್ನುವ ಮಾತು ಯುರೋಪಿನ ತಣ್ಣನೆ ಕೋಣೆಯದು, ನಮ್ಮ ಪಡಸಾಲೆಯದಲ್ಲ. ನಮ್ಮ ದೇಶದ ಹೆಚ್ಚಿನ ಕೆಂಪು ವೈನ್‌ಗಳು ಮೂರು, ನಾಲ್ಕು ವರ್ಷದೊಳಗೆ ಕುಡಿಯುವಂಥವು. ಹಳೆಯದಾದಷ್ಟು ಒಳ್ಳೆಯದು ಅಂತ ಕೂಡಿಡಬೇಡಿ.

ಹಾಗಾದರೆ ಯಾವುದು

ಮಕ್ಕಳು, ಹಿರಿಯರು ಸೇರಿ ಹತ್ತು ಜನ ಇದ್ದರೆ ಪುಣೆಯ ಸಿಜ್ಲರ್. ಗಂಡ ಹೆಂಡತಿ ಇಬ್ಬರೇ, ವರ್ಷಕ್ಕೊಂದು ದಿನ ಅಂದರೆ ರೈಲು ಹಿಡಿದು ಪುಣೆಯ ಒಳ್ಳೆ ಗ್ರಿಲ್, ಮಧ್ಯಾಹ್ನದ ಊಟ. ಸ್ಟೇಕ್‌ಗಿಂತ ವೈನ್ ಮೇಲೆ ಮನಸ್ಸಿದ್ದರೆ, ಅಥವಾ ಮನೆಯಲ್ಲಿ ದ್ರಾಕ್ಷಿ ತೋಟ ಇದ್ದರೆ ಅಕ್ಲೂಜ್. ಕೈ ಬಿಗಿ ಇದ್ದರೆ ಮನೆ. ಊರ ಹೋಟೆಲಿನಲ್ಲಿ ಬೇಸಿಗೆಯ ಕೆಂಪು ವೈನ್ ಮಾತ್ರ ಬೇಡ. ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ವರ್ಷ ಆಗಿರಬೇಕು. ಅಕ್ಟೋಬರ್ 2ರಂಥ ಡ್ರೈ ಡೇ ಕೂಡ ಮೊದಲೇ ನೋಡಿಕೊಳ್ಳಿ.

ಮೇಜು ಹಿಡಿಯಲು ಫೋನ್ ಮಾಡಿದಾಗ ಮೂರೇ ಪ್ರಶ್ನೆ ಕೇಳಿ. ವೈನ್ ಎಷ್ಟು ಡಿಗ್ರಿಯಲ್ಲಿ ಇಡುತ್ತೀರಿ? ಸ್ಟೇಕ್ ಯಾವ ಮಾಂಸ, ಯಾವ ಭಾಗ? ಲೋಟದಲ್ಲಿ ಕೊಡುವ ವೈನ್ ಯಾವ ಯಾವುದು? ಬಾಟಲಿ ಬಂದ ಮೇಲೆ ತೆರೆಯುವ ಮೊದಲು ಕೈಯಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ಬಿರಡೆ ಎದ್ದಿದ್ದರೆ, ಅಂಚಿನಲ್ಲಿ ಸೋರಿದ ಕಲೆ ಇದ್ದರೆ ಬೇರೆ ಕೊಡಿ ಅನ್ನಿ. ಸಂಕೋಚ ಬೇಡ. ಮೊದಲ ಗುಟುಕು ನಿಮಗೆ ಹಾಕಿಕೊಡುವುದೇ ನೀವು ಬೇಡ ಅನ್ನಬಹುದು ಅಂತ.

ಅಕ್ಲೂಜ್‌ನಿಂದ ಬಾಟಲಿ ತರುವವರಿಗೆ ಇನ್ನೊಂದು ಮಾತು. ಡಿಕ್ಕಿಯಲ್ಲಿ ಇಡಬೇಡಿ. ಪಂಢರಪುರದಲ್ಲಿ ದರ್ಶನಕ್ಕೆ ಇಳಿದು ಎರಡು ಗಂಟೆ ಗಾಡಿ ಬಿಸಿಲಿನಲ್ಲಿ ನಿಂತರೂ ಸಾಕು, ವೈನ್ ಬೇಯುತ್ತದೆ. ದರ್ಶನ ಹೋಗುವಾಗ ಮಾಡಿಕೊಳ್ಳಿ, ವೈನ್ ಬರುವಾಗ ತೆಗೆದುಕೊಳ್ಳಿ. ಒದ್ದೆ ಟವೆಲ್ ಸುತ್ತಿ, ಎಸಿ ಗಾಳಿ ತಾಗುವ ಹಾಗೆ ಹಿಂದಿನ ಸೀಟಿನ ಕೆಳಗೆ ಮಲಗಿಸಿ. ನಾವು ತಂದ ಎರಡು ಬಾಟಲಿಗಳಲ್ಲಿ ಒಂದು ಇನ್ನೂ ಮನೆಯಲ್ಲಿದೆ, ಫ್ರಿಜ್‌ನ ಕೆಳಗಿನ ಖಾನೆಯಲ್ಲಿ, ಮನೂಕದ ಡಬ್ಬಿಯ ಪಕ್ಕ.